ಹವಾಯಿ ಸೂಪರ್‌ಫೆರಿ: ಪ್ರಯಾಣಿಕರ ನೌಕೆಯಿಂದ ನೌಕಾಪಡೆಯ ಸಾಗಣೆ ಹಡಗಿನವರೆಗೆ

ಪೀಠಿಕೆ:
ಅಮೆರಿಕದ ಹವಾಯಿ ರಾಜ್ಯದ ದ್ವೀಪಗಳ ನಡುವೆ ಪ್ರಯಾಣಿಕರನ್ನೂ ವಾಹನಗಳನ್ನೂ ಸಾಗಿಸುವ ಉದ್ದೇಶದಿಂದ ‘ಅಲಕೈ’ ಮತ್ತು ‘ಹುವಕೈ’ ಎಂಬ ಎರಡು ಅತಿವೇಗದ ನೌಕೆಗಳನ್ನು ಅಲಬಾಮಾದ ಮೊಬೈಲ್ ನಗರದಲ್ಲಿ ಆಸ್ಟಲ್ ಸಂಸ್ಥೆಯು ನಿರ್ಮಿಸಿತು.

ರಚನೆ ಮತ್ತು ಸಾಮರ್ಥ್ಯ:
ಇವು ಅಲ್ಯೂಮಿನಿಯಂನಿಂದ ನಿರ್ಮಿತವಾದ ಜೋಡಿ ಒಡಲಿನ ನೌಕೆಗಳು. ‘ಅಲಕೈ’ ನೌಕೆಯು 866 ಪ್ರಯಾಣಿಕರನ್ನೂ 280ಕ್ಕೂ ಹೆಚ್ಚು ಕಾರುಗಳನ್ನೂ ಹೊತ್ತು ಗಂಟೆಗೆ ಸುಮಾರು 35 ನಾಟಿಕಲ್ ಮೈಲಿ ವೇಗದಲ್ಲಿ ಚಲಿಸಬಲ್ಲದಾಗಿತ್ತು. ವಾಹನಗಳು ಕ್ರೇನಿನ ನೆರವಿಲ್ಲದೆ ನೇರವಾಗಿ ಒಳಗೆ ಚಲಿಸುವ ವ್ಯವಸ್ಥೆಯಿದ್ದುದರಿಂದ ಇವು ಸೈನಿಕ ಸಾಗಣೆಗೂ ಯೋಗ್ಯವಾಗಿದ್ದವು.

ಸೇವೆ ಸ್ಥಗಿತಗೊಂಡ ಕಾರಣ:
ಬಂದರುಗಳ ಅಭಿವೃದ್ಧಿಗೆ ರಾಜ್ಯವು ಸುಮಾರು 4 ಕೋಟಿ ಡಾಲರ್ ವೆಚ್ಚ ಮಾಡಿತ್ತು. ನೌಕೆಗಳ ಸಾಲಕ್ಕೆ ಕೇಂದ್ರ ಸರ್ಕಾರವು ಸುಮಾರು 14 ಕೋಟಿ ಡಾಲರ್‌ಗಳ ಖಾತರಿ ನೀಡಿತ್ತು. ಆದರೆ ಪರಿಸರ ಪರಿಣಾಮದ ಪರಿಶೀಲನೆಯಿಂದ ಈ ಕಾಮಗಾರಿಗಳಿಗೆ ವಿನಾಯಿತಿ ನೀಡಲಾಗಿತ್ತು. ತಿಮಿಂಗಿಲಗಳಿಗೆ ನೌಕೆ ತಗುಲಬಹುದೆಂದೂ, ಪರಕೀಯ ಜೀವಿಗಳು ದ್ವೀಪದಿಂದ ದ್ವೀಪಕ್ಕೆ ಹರಡಬಹುದೆಂದೂ ನಾಗರಿಕರು ಆಕ್ಷೇಪಿಸಿದರು. 2007ರ ಆಗಸ್ಟ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಪರಿಶೀಲನೆ ಅಗತ್ಯವೆಂದು ತೀರ್ಪಿತ್ತಿತು. ಅದೇ ತಿಂಗಳು ಸೇವೆ ಆರಂಭವಾದಾಗ ಕವಾಯಿ ದ್ವೀಪದ ಬಂದರಿನಲ್ಲಿ ಪ್ರತಿಭಟನಕಾರರು ನೀರಿಗಿಳಿದು ನೌಕೆಯನ್ನು ತಡೆದರು.

ತದನಂತರ ವಿಧಾನಮಂಡಲವು ವಿಶೇಷ ಅಧಿವೇಶನ ಸೇರಿ, ಪರಿಶೀಲನೆ ನಡೆಯುವಾಗಲೇ ಸಂಚಾರಕ್ಕೆ ಅವಕಾಶ ನೀಡುವ ಕಾಯಿದೆಯನ್ನು ಅಂಗೀಕರಿಸಿತು. 2007ರ ಡಿಸೆಂಬರ್‌ನಲ್ಲಿ ಸೇವೆ ಪುನರಾರಂಭವಾಯಿತು. ಸದರಿ ಕಾಯಿದೆಯು ಒಂದೇ ಸಂಸ್ಥೆಯ ಹಿತಕ್ಕಾಗಿ ರಚಿತವಾದುದೆಂದು ನ್ಯಾಯಾಲಯವು 2009ರ ಮಾರ್ಚ್‌ನಲ್ಲಿ ಅದನ್ನು ಅಸಿಂಧುಗೊಳಿಸಿತು. ಸೇವೆ ನಿಂತಿತು, ಸಂಸ್ಥೆಯು ದಿವಾಳಿಯಾಯಿತು. ‘ಹುವಕೈ’ ಹವಾಯಿಯಲ್ಲಿ ಒಮ್ಮೆಯೂ ಪ್ರಯಾಣಿಕರ ಸೇವೆಗೆ ಇಳಿಯಲಿಲ್ಲ.

ನೌಕಾಪಡೆಗೆ ವರ್ಗಾವಣೆ:
ಸಾಲಕ್ಕೆ ಖಾತರಿ ನೀಡಿದ್ದ ಕೇಂದ್ರದ ಕಡಲ ಆಡಳಿತ ಇಲಾಖೆಯು ನೌಕೆಗಳನ್ನು ವಶಕ್ಕೆ ಪಡೆಯಿತು. 2010ರ ಹೈಟಿ ಭೂಕಂಪದ ಪರಿಹಾರ ಕಾರ್ಯಕ್ಕೆ ‘ಹುವಕೈ’ ಬಳಕೆಯಾಯಿತು. 2012ರಲ್ಲಿ ಎರಡೂ ನೌಕೆಗಳು ಒಟ್ಟು 3.5 ಕೋಟಿ ಡಾಲರ್‌ಗಳಿಗೆ ನೌಕಾಪಡೆಗೆ ಸೇರಿದವು. ‘ಹುವಕೈ’ಗೆ ‘ಗ್ವಾಮ್’ ಎಂದೂ ‘ಅಲಕೈ’ಗೆ ‘ಪೋರ್ಟೊ ರಿಕೊ’ ಎಂದೂ ಹೆಸರಿಡಲಾಯಿತು. ಅಗತ್ಯ ಮಾರ್ಪಾಡುಗಳ ನಂತರ ‘ಗ್ವಾಮ್’ ನೌಕೆಯನ್ನು ಜಪಾನಿನ ಓಕಿನಾವಾದಲ್ಲಿರುವ ಅಮೆರಿಕದ ಮರೀನ್ ದಳದ ಸಾಗಣೆಗೆ ನಿಯೋಜಿಸಲಾಯಿತು. ಮತ್ತೊಂದು ನೌಕೆಯನ್ನು 2016ರಲ್ಲಿ ಗುತ್ತಿಗೆಗೆ ನೀಡಿದ್ದರಿಂದ ಅದು ಕೆನಡಾದ ನೋವಾ ಸ್ಕೋಷಿಯಾ ಮತ್ತು ಅಮೆರಿಕದ ಮೇನ್ ರಾಜ್ಯದ ನಡುವೆ ಪುನಃ ಪ್ರಯಾಣಿಕರ ಸೇವೆಗೆ ಬಂದಿತು.

ಗಮನಿಸತಕ್ಕ ಅಂಶ:
ನೌಕೆಗಳಲ್ಲಿ ಯಾವ ದೋಷವೂ ಇದ್ದುದರಿಂದ ಸೇವೆ ನಿಲ್ಲಲಿಲ್ಲ. ಮೊದಲೇ ಪೂರೈಸಬೇಕಾಗಿದ್ದ ಪರಿಶೀಲನೆಯನ್ನು ಕೈಬಿಟ್ಟುದರಿಂದ ದ್ವೀಪವಾಸಿಗಳು ಒಂದು ಸಾರಿಗೆ ಸೌಲಭ್ಯವನ್ನೂ, ಸರ್ಕಾರವು ಖಾತರಿ ನೀಡಿದ್ದ ಹಣದ ಬಹುಪಾಲನ್ನೂ ಕಳೆದುಕೊಳ್ಳಬೇಕಾಯಿತು.