ವಾಕ್ಚಿತ್ರದಲ್ಲಿ ಚಿತ್ರ-ಧ್ವನಿಗಳ ಮೇಳ

ಮೂಕಚಿತ್ರದ ಯುಗ ಕಳೆದು ವಾಕ್ಚಿತ್ರದ ಯುಗ ಮೊದಲಾದುದನ್ನು ವಿವರಿಸುವವರು ಧ್ವನಿಮುದ್ರಣದ ಸಾಧನೆಯನ್ನೇ ಪ್ರಧಾನವಾಗಿ ಎಣಿಸುವುದುಂಟು. ಆದರೆ ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದ್ದು 1877ರಲ್ಲಿ; ವಾಕ್ಚಿತ್ರ ನೆಲೆಗೊಂಡದ್ದು ಸುಮಾರು ಐವತ್ತು ವರ್ಷಗಳ ಅನಂತರ. ನಟನ ತುಟಿಗೂ ಅವನ ಮಾತಿಗೂ ಮೇಳ ಕೂಡಿಸುವುದು ಒಂದು ಕಷ್ಟವಾದರೆ, ಕೂಡಿದ ಮೇಳವು ಊರೂರಿನ ಪ್ರದರ್ಶನಗಳಲ್ಲಿ ಕೆಡದಂತೆ ಕಾಯುವುದು ಅದಕ್ಕಿಂತ ದೊಡ್ಡ ಕಷ್ಟವಾಗಿತ್ತು. ವಾಕ್ಚಿತ್ರದ ಸ್ವರೂಪವನ್ನು ನಿರ್ಣಯಿಸುವುದರಲ್ಲಿ ಈ ಎರಡನೆಯ ಕಷ್ಟದ ಪಾತ್ರ ಹಿರಿದು.

1913ರಲ್ಲಿ ಎಡಿಸನ್ನನ ಕೈನೆಟೋಫೋನ್ ಪದ್ಧತಿಯಲ್ಲಿ ತೆರೆಯ ಬಳಿಯ ಫೋನೋಗ್ರಾಫನ್ನೂ ಸಭಾಂಗಣದ ಹಿಂಬದಿಯ ಪ್ರೊಜೆಕ್ಟರನ್ನೂ ಉದ್ದನೆಯ ಹುರಿಯಿಂದ ಬಂಧಿಸಿದ್ದರು. ಆ ಬಂಧನ ಭದ್ರವಾಗಲಿಲ್ಲ. ವಾರ್ನರ್ ಸಂಸ್ಥೆಯು 1926ರ ಆಗಸ್ಟ್ 6ರಂದು 'ಡಾನ್ ಜುವಾನ್' ಚಿತ್ರದೊಡನೆ ಜನರ ಮುಂದಿಟ್ಟ ವೈಟಾಫೋನ್ ಪದ್ಧತಿಯಲ್ಲಿ ಪ್ರೊಜೆಕ್ಟರನ್ನೂ ಧ್ವನಿತಟ್ಟೆಯನ್ನೂ ಒಂದೇ ಮೋಟಾರು ತಿರುಗಿಸುತ್ತಿತ್ತು. ಫಿಲ್ಮು ನಿಮಿಷಕ್ಕೆ 90 ಅಡಿಯಂತೆ, ಎಂದರೆ ಸೆಕೆಂಡಿಗೆ 24 ಚೌಕಟ್ಟುಗಳಂತೆ, ಓಡುತ್ತಿತ್ತು. 16 ಅಂಗುಲ ವ್ಯಾಸದ ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತು ತಿರುಗುತ್ತಿತ್ತು. 1,000 ಅಡಿಯ ಒಂದು ರೀಲಿಗೆ ಒಂದು ತಟ್ಟೆ. ಆಟ ಸುಮಾರು 11 ನಿಮಿಷ. ಫಿಲ್ಮಿನ ಆರಂಭದ ಚೌಕಟ್ಟನ್ನು ಕಿಂಡಿಗೆ ಹೊಂದಿಸಿ, ತಟ್ಟೆಯ ಗುರುತಿನ ಮೇಲೆ ಮುಳ್ಳನ್ನಿಟ್ಟು ಯಂತ್ರ ನಡೆಸಿದರೆ ಮೇಳಕ್ಕೆ ಕೊರತೆಯಿರಲಿಲ್ಲ.

ಕೊರತೆ ಕಾಣುತ್ತಿದ್ದುದು ಫಿಲ್ಮು ಹರಿದಾಗ. ಹರಿದ ಫಿಲ್ಮನ್ನು ಅಂಟಿಸುವಾಗ ಕೆಲವು ಚೌಕಟ್ಟುಗಳು ನಷ್ಟವಾಗುವುದು ಅನಿವಾರ್ಯ. ಮೂಕಚಿತ್ರಕ್ಕೆ ಇದರಿಂದ ಹೆಚ್ಚಿನ ಹಾನಿಯಿರಲಿಲ್ಲ. ವೈಟಾಫೋನಿನಲ್ಲಿಯಾದರೋ 24 ಚೌಕಟ್ಟುಗಳು ಹೋದರೆ, ಆ ಸ್ಥಳದಿಂದ ರೀಲು ಮುಗಿಯುವವರೆಗೂ ಮಾತು ಚಿತ್ರಕ್ಕಿಂತ ಒಂದು ಸೆಕೆಂಡು ಹಿಂದೆ ಬೀಳುತ್ತಿತ್ತು. ಆದುದರಿಂದ ಹೋದಷ್ಟೇ ಚೌಕಟ್ಟುಗಳನ್ನು ಎಣಿಸಿ ಕಪ್ಪು ಫಿಲ್ಮನ್ನು ಸೇರಿಸಬೇಕಾಗಿತ್ತು. ಮುಳ್ಳು ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರಿದರಂತೂ ಇಂತಹ ಉಪಾಯವೂ ಇರಲಿಲ್ಲ.

ಧ್ವನಿಯನ್ನು ಫಿಲ್ಮಿನ ಅಂಚಿನಲ್ಲಿಯೇ ಬೆಳಕಿನಿಂದ ಮುದ್ರಿಸುವ ಪದ್ಧತಿಯ ಮೇಲ್ಮೆ ಇಲ್ಲಿಯೇ ಇದೆ. ಕಿಂಡಿಯಲ್ಲಿ ಫಿಲ್ಮು ಪ್ರತಿ ಚೌಕಟ್ಟಿಗೂ ನಿಂತು ಮುಂದೆ ಸಾಗಬೇಕು. ಧ್ವನಿಯನ್ನು ಓದುವ ಸ್ಥಳದಲ್ಲಿ ತಡೆಯಿಲ್ಲದೆ ಹರಿಯಬೇಕು. ಈ ಎರಡು ಚಲನೆಗಳು ಒಂದೇ ಬಿಂದುವಿನಲ್ಲಿ ಸಾಧ್ಯವಿಲ್ಲವಾದ್ದರಿಂದ 35 ಮಿಲಿಮೀಟರ್ ಪ್ರತಿಯಲ್ಲಿ ಧ್ವನಿಯನ್ನು ಅದರ ಚಿತ್ರಕ್ಕಿಂತ ಸುಮಾರು 20 ಚೌಕಟ್ಟುಗಳಷ್ಟು, 16 ಮಿಲಿಮೀಟರ್ ಪ್ರತಿಯಲ್ಲಿ 26 ಚೌಕಟ್ಟುಗಳಷ್ಟು ಮುಂದೆ ಮುದ್ರಿಸುವ ಕ್ರಮ ಬಂದಿತು. ಹೀಗಾಗಿ ಅಂಟಿಸಿದ ಸ್ಥಳವು ಮೊದಲು ಕಿಂಡಿಯನ್ನು ದಾಟುತ್ತದೆ, ಅನಂತರ ಧ್ವನಿಯ ಸ್ಥಳವನ್ನು ದಾಟುತ್ತದೆ. 35 ಮಿಲಿಮೀಟರಿನಲ್ಲಿ ಈ ನಡುವಣ ಅವಧಿ ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟು ಹೊತ್ತು ಕೆಟ್ಟ ಮೇಳ ಮತ್ತೆ ತಾನಾಗಿಯೇ ಸರಿಹೋಗುತ್ತದೆ. ತಟ್ಟೆಯ ಪದ್ಧತಿಯಲ್ಲಿ ಗಾಯವು ರೀಲಿನ ಕೊನೆಯವರೆಗೂ ಉಳಿಯುತ್ತಿದ್ದರೆ, ಇಲ್ಲಿ ಕ್ಷಣದಲ್ಲಿ ಮಾಯುತ್ತಿತ್ತು. 1930ರ ದಶಕದಲ್ಲಿ ತಟ್ಟೆ ಹಿಂದೆ ಸರಿಯಿತು. 1931ರಲ್ಲಿ ಬಂದ ಭಾರತದ ಪ್ರಥಮ ವಾಕ್ಚಿತ್ರ 'ಆಲಂ ಆರಾ'ದ ಧ್ವನಿಯೂ ಫಿಲ್ಮಿನ ಮೇಲೆಯೇ ಮುದ್ರಿತವಾಗಿತ್ತು.

ತಟ್ಟೆಯ ಯುಗದ ಫಲವನ್ನು ಇತಿಹಾಸಕಾರರು ಈಗಲೂ ಅನುಭವಿಸುತ್ತಿದ್ದಾರೆ. ಚಿತ್ರವೂ ಧ್ವನಿಯೂ ಬೇರೆ ಬೇರೆ ವಸ್ತುಗಳಾಗಿದ್ದುದರಿಂದ ಅವು ಬೇರೆ ಬೇರೆಯಾಗಿಯೇ ನಷ್ಟವಾದವು. 1929ರ 'ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ' ಚಿತ್ರದ ಧ್ವನಿತಟ್ಟೆಗಳೆಲ್ಲ ಉಳಿದಿವೆ. ಚಿತ್ರದ ಕೆಲವು ಭಾಗಗಳು ಮಾತ್ರ ದೊರೆತಿವೆ. ಅಗಲಿದ ಇಂತಹ ಜೋಡಿಗಳನ್ನು ಮತ್ತೆ ಸೇರಿಸುವ ಉದ್ದೇಶದಿಂದ 1991ರಲ್ಲಿ ಅಮೆರಿಕದಲ್ಲಿ ವೈಟಾಫೋನ್ ಪ್ರಾಜೆಕ್ಟ್ ಎಂಬ ಸಂಸ್ಥೆ ಸ್ಥಾಪಿತವಾಯಿತು.

ಧ್ವನಿಯನ್ನು ಬೇರೆಯಾಗಿ ಇರಿಸುವ ಕ್ರಮವು 1993ರಲ್ಲಿ 'ಜುರಾಸಿಕ್ ಪಾರ್ಕ್' ಚಿತ್ರದ ಡಿ.ಟಿ.ಎಸ್. ಪದ್ಧತಿಯಿಂದ ಮರಳಿ ಬಂದಿತು. ಇಲ್ಲಿಯೂ ಧ್ವನಿಯಿದ್ದುದು ತಟ್ಟೆಯಲ್ಲಿಯೇ. ಆದರೆ ಫಿಲ್ಮಿನ ಉದ್ದಕ್ಕೂ ಮುದ್ರಿತವಾದ ಕಾಲಸಂಕೇತವನ್ನು ಯಂತ್ರವು ಎಡೆಬಿಡದೆ ಓದಿ, ಚೌಕಟ್ಟುಗಳು ಹೋಗಿದ್ದರೆ ಧ್ವನಿಯನ್ನೂ ಅಷ್ಟೇ ಮುಂದಕ್ಕೆ ಒಯ್ಯುತ್ತಿತ್ತು. ವೈಟಾಫೋನಿನಲ್ಲಿ ಚಿತ್ರವೂ ಧ್ವನಿಯೂ ಹೊರಡುವಾಗ ಒಮ್ಮೆ ಮಾತ್ರ ಕೈಹಿಡಿಯುತ್ತಿದ್ದವು. ಇಲ್ಲಿ ದಾರಿಯ ಉದ್ದಕ್ಕೂ ಹಿಡಿದ ಕೈಯನ್ನು ಬಿಡುತ್ತಿರಲಿಲ್ಲ. ತಟ್ಟೆಯಲ್ಲಿ ದೋಷವಿರಲಿಲ್ಲವೆಂಬುದೂ, ತಪ್ಪಿದ ಮೇಳವನ್ನು ಮತ್ತೆ ಕೂಡಿಸುವ ಸಾಧನವು ಅಂದು ಇರಲಿಲ್ಲವೆಂಬುದೇ ಕೊರತೆಯೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.