ಕಿವಿಗೆ ಬೇಡವಾದ ಟ್ರಾನ್ಸಿಸ್ಟರ್

ಸಣ್ಣ ರೇಡಿಯೊದ ಮೆಲುದನಿ ಕೋಣೆ ತುಂಬಬೇಕಾದರೆ ನಡುವೆ ಒಂದು ಆಂಪ್ಲಿಫೈಯರ್ ಬೇಕು. ಅದು ದನಿಯನ್ನು ಎಳೆದು ಹಿಗ್ಗಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜಕ್ಕೂ ಅದರ ಕೆಲಸ ಕೆರೆಯ ತೂಬಿನಂತೆ. ತೂಬನ್ನು ತುಸುವೇ ಎತ್ತಿದರೂ ಕಾಲುವೆಯಲ್ಲಿ ನೀರು ನುಗ್ಗುತ್ತದೆ. ಆ ಬಲ ಕೆರೆಯದೇ ಹೊರತು ತೂಬು ಎತ್ತಿದವನದಲ್ಲ. ಹಾಗೆಯೇ ಇಲ್ಲಿ ಬಲ ಬ್ಯಾಟರಿಯದು. ದುರ್ಬಲ ಸಂಕೇತ ತೂಬನ್ನು ಏರಿಳಿಸುತ್ತದೆ, ಅಷ್ಟೆ.

ಈ ಕೆಲಸವನ್ನು ಮೊದಲು ಮಾಡಿದ್ದು ಗಾಜಿನ ವಾಲ್ವ್. ಲೀ ಡಿ ಫಾರೆಸ್ಟ್ ರೂಪಿಸಿದ ವಾಲ್ವನ್ನು ಸುಧಾರಿಸಿದ್ದರಿಂದಲೇ 1915ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ದೂರವಾಣಿ ಮಾತುಕತೆ ಸಾಧ್ಯವಾಯಿತು. ಆದರೆ ವಾಲ್ವಿನ ತಂತು ಕಾಯಬೇಕು, ಅದಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಕೈತಪ್ಪಿ ತಾಗಿದರೆ ಅಪಾಯ. ಹೀಗಾಗಿ ಮನೆಯ ಮಕ್ಕಳಿಗೆ ಅದು ಆಟದ ಸಾಮಾನಾಗಲಿಲ್ಲ.

1947ರ ಡಿಸೆಂಬರ್ 23ರಂದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಜರ್ಮೇನಿಯಂ ಚೂರೊಂದರಿಂದ ಮಾತಿನ ಸಂಕೇತವನ್ನು ವರ್ಧಿಸಿ ತೋರಿಸಿದರು. ಅದೇ ಟ್ರಾನ್ಸಿಸ್ಟರ್. 1952ರಲ್ಲಿ ಈ ತಂತ್ರಜ್ಞಾನದ ಪರವಾನಗಿ ಇತರ ಕಂಪನಿಗಳಿಗೂ ದೊರೆಯಿತು. ಕಿವುಡರ ಶ್ರವಣ ಸಾಧನಗಳಿಗೆ ಮಾತ್ರ ರಾಯಧನ ಬೇಡವೆಂದು ತೀರ್ಮಾನವಾಯಿತು. ಕಿವುಡ ಮಕ್ಕಳ ಶಿಕ್ಷಕನಾಗಿದ್ದ ಅಲೆಗ್ಸಾಂಡರ್ ಗ್ರಹಾಂ ಬೆಲ್‌ಗೆ ಸಲ್ಲಿಸಿದ ಗೌರವವದು.

ಇಲ್ಲೇ ಕಥೆಗೆ ತಿರುವು ಬಂತು. ಕಿವಿಯೊಳಗೆ ಇಡುವ ಸಾಧನದಲ್ಲಿ 'ಸುಯ್' ಎನ್ನುವ ಸದ್ದು ಸಲ್ಲದು. ರೇಥಿಯಾನ್ ಕಂಪನಿ ತಯಾರಿಸಿದ ಟ್ರಾನ್ಸಿಸ್ಟರ್‌ಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ಸೋತವು. ಅವನ್ನು ಬಿಸಾಡದೆ ಕಂಪನಿ 1953ರಲ್ಲಿ 'ಸಿಕೆ 722' ಎಂಬ ಹೆಸರಿನಿಂದ ಹವ್ಯಾಸಿಗಳಿಗೆ ಮಾರಿತು. ಮೊದಲು 7 ಡಾಲರಿಗೂ ಮಿಗಿಲಾಗಿದ್ದ ಬೆಲೆ ಕೆಲವೇ ವರ್ಷಗಳಲ್ಲಿ ಒಂದು ಡಾಲರಿಗೆ ಇಳಿಯಿತು. ಪತ್ರಿಕೆಯ ನಕ್ಷೆ ನೋಡಿ ಬೆಸುಗೆ ಹಾಕುತ್ತ, ತಪ್ಪು ತಿದ್ದುತ್ತ ಒಂದು ಪೀಳಿಗೆಯೇ ಎಲೆಕ್ಟ್ರಾನಿಕ್ಸ್ ಕಲಿಯಿತು.

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆ ಆರಂಭಿಸಿದಾಗ, ಈ ವಿದ್ಯೆಯ ಕಚ್ಚಾ ಸಾಮಗ್ರಿ ನಮ್ಮಲ್ಲೂ ತಯಾರಾಗತೊಡಗಿತು.

ಮುಂದೆ ಹತ್ತಾರು ಬಿಡಿಭಾಗಗಳ ಕೆಲಸವನ್ನು ಒಂದೇ ಚಿಪ್ ವಹಿಸಿಕೊಂಡಿತು. ಎಂಟು ಕಾಲಿನ 'ಎಲ್‌ಎಂ 386'ಕ್ಕೆ 9 ವೋಲ್ಟ್‌ನ ಬ್ಯಾಟರಿ ಸಾಕು. ಅದು ಸಂಕೇತವನ್ನು 20 ಪಟ್ಟು ಹೆಚ್ಚಿಸುತ್ತದೆ. 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇಟ್ಟರೆ 200 ಪಟ್ಟು. ಸ್ಪೀಕರಿಗೆ ಸಿಗುವ ಶಕ್ತಿ ಒಂದು ವಾಟ್‌ಗೂ ಕಡಿಮೆ. ಕೋಣೆಗೆ ಅಷ್ಟು ಸಾಕು.

ಸಿದ್ಧ ಸ್ಪೀಕರು ಅಗ್ಗಕ್ಕೆ ಸಿಗುವಾಗ ಈ ಪಾಡೇಕೆ ಎಂದು ಕೇಳಬಹುದು. ಅಂಟು ಹಾಕಿ ಮುಚ್ಚಿದ ಡಬ್ಬಿ ಕೆಟ್ಟರೆ ಬಿಸಾಡಬೇಕು, ಅದು ಏನನ್ನೂ ಕಲಿಸದು. ತಾನೇ ಕಟ್ಟಿದ ಸರ್ಕಿಟ್ ಕೂಗಿಕೊಂಡರೆ ಮಾತ್ರ ಹುಡುಗಿ ಏಕೆಂದು ಹುಡುಕುತ್ತಾಳೆ. ಸದ್ದು ಮಾಡುತ್ತದೆಂದು ಪಕ್ಕಕ್ಕಿಟ್ಟ ಟ್ರಾನ್ಸಿಸ್ಟರ್‌ಗಳು ಅಂದು ಕಲಿಸಿದ್ದೂ ಇದನ್ನೇ.