ಲಿಸ್ಬನ್ನಿಗೆ ಹೊರಟ ಹಡಗುಗಳು

1755ರ ನವೆಂಬರ್ 1. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಅಂದು ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಇಗರ್ಜಿಗಳು ತುಂಬಿದ್ದ ಹೊತ್ತಿನಲ್ಲೇ ಭೂಮಿ ನಡುಗಿತು. ಕಟ್ಟಡಗಳಿಂದ ತಪ್ಪಿಸಿಕೊಂಡು ನದೀದಂಡೆಗೆ ಓಡಿದವರ ಮೇಲೆ ಸಮುದ್ರದ ಅಲೆಗಳು ನುಗ್ಗಿದವು. ಒಲೆ, ಮೇಣದಬತ್ತಿಗಳಿಂದ ಹಬ್ಬಿದ ಬೆಂಕಿ ಐದಾರು ದಿನ ಉರಿಯಿತು. ಸತ್ತವರು ಹತ್ತಾರು ಸಾವಿರ.

ತಂತಿಯೂ ಉಗಿಹಡಗೂ ಇಲ್ಲದ ಕಾಲವದು. ಸುದ್ದಿ ಲಂಡನ್ ಮುಟ್ಟಲು ಮೂರು ವಾರಕ್ಕೂ ಹೆಚ್ಚು ಬೇಕಾಯಿತು. ಮುಟ್ಟಿದ ಮೇಲೆ ಮಾತ್ರ ತಡವಾಗಲಿಲ್ಲ. ನವೆಂಬರ್ 28ರಂದು ದೊರೆ ಎರಡನೆಯ ಜಾರ್ಜ್ ಸಂಸತ್ತಿಗೆ ಸಂದೇಶ ಕಳಿಸಿದ. ಸಂಸತ್ತು 1 ಲಕ್ಷ ಪೌಂಡ್ ನೆರವು ಮಂಜೂರು ಮಾಡಿತು. ಒಂದು ದೇಶದ ಸರ್ಕಾರ ಇನ್ನೊಂದು ದೇಶದ ಸಂತ್ರಸ್ತರಿಗೆ ಇಷ್ಟು ದೊಡ್ಡ ನೆರವು ನೀಡಿದ್ದು ಆ ಕಾಲಕ್ಕೆ ಅಪರೂಪ.

ಈ ಔದಾರ್ಯದ ಹಿಂದೆ ಲೆಕ್ಕಾಚಾರವೂ ಇತ್ತು. 1703ರ ಮೆಥ್ಯುಯೆನ್ ಒಪ್ಪಂದದಂತೆ ಇಂಗ್ಲೆಂಡಿನ ಉಣ್ಣೆಬಟ್ಟೆ ಪೋರ್ಚುಗಲ್ಲಿಗೆ ಹೋಗುತ್ತಿತ್ತು, ಅಲ್ಲಿಂದ ದ್ರಾಕ್ಷಾರಸ ಬರುತ್ತಿತ್ತು. ಬ್ರೆಜಿಲ್ಲಿನ ಚಿನ್ನವೂ ಅದೇ ದಾರಿಯಲ್ಲಿ ಲಂಡನ್ ಸೇರುತ್ತಿತ್ತು. ಲಿಸ್ಬನ್ನಿನಲ್ಲಿದ್ದ ಇಂಗ್ಲಿಷ್ ವರ್ತಕರೂ ಭೂಕಂಪದಲ್ಲಿ ಸರಕು ಕಳೆದುಕೊಂಡಿದ್ದರು. ಇತ್ತ ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ, ಇದು ಕ್ಯಾಥೊಲಿಕ್ ನಗರಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಬೋಧಿಸಿದವರೂ ಇದ್ದರು. ಆದರೂ ನೆರವು ನಿಲ್ಲಲಿಲ್ಲ.

ಕಳಿಸಿದ್ದೇನು ಎಂಬುದು ಗಮನಿಸಬೇಕಾದ ಸಂಗತಿ. ಅರ್ಧದಷ್ಟು ನಗದು, ಉಳಿದದ್ದು ವಸ್ತುಗಳು. ಮಾಂಸ, ಬೆಣ್ಣೆ, ಹಿಟ್ಟು, ಬಿಸ್ಕತ್ತು, ಅಕ್ಕಿಯ ಜೊತೆಗೆ ಪಿಕಾಸಿ, ಹಾರೆ, ಸನಿಕೆ ಮತ್ತು ಬೂಟುಗಳು! ಕುಸಿದ ಊರನ್ನು ಅಗೆದು ತೆಗೆಯಲು ಸಲಕರಣೆ ಬೇಕು, ಕಲ್ಲು ಬೂದಿಯ ರಾಶಿಯ ಮೇಲೆ ನಡೆಯಲು ಕಾಲಿಗೇನಾದರೂ ಬೇಕು. ಜರ್ಮನ್ ಬಂದರು ಹ್ಯಾಂಬರ್ಗ್ ಕೂಡ ಮರಮುಟ್ಟು ತುಂಬಿದ ಹಡಗುಗಳನ್ನು ಕಳಿಸಿತು.

ಇಂಗ್ಲೆಂಡಿನ ನೆರವು ಲಿಸ್ಬನ್ ಸೇರಿದ್ದು ಮರುವರ್ಷ. ಅಷ್ಟರಲ್ಲಿ ತುರ್ತಿನ ಕೆಲಸವನ್ನೆಲ್ಲ ಸ್ಥಳೀಯರೇ ಮಾಡಬೇಕಾಯಿತು. ಮುಂದೆ ಪೊಂಬಾಲ್ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಕಾರ್ವಾಲ್ಯೋ ಶವಗಳನ್ನು ದೋಣಿಗಳಲ್ಲಿ ಸಾಗಿಸಿ ಸಮುದ್ರಕ್ಕೆ ಬಿಡಿಸಿದ, ಧಾನ್ಯದ ಬೆಲೆ ಏರದಂತೆ ಕಟ್ಟು ಮಾಡಿದ, ಲೂಟಿಕೋರರಿಗೆ ಗಲ್ಲುಗಂಬ ನೆಡಿಸಿದ.

ದೂರದ ನೆರವಿನ ಮಿತಿ ಇದು. ಅದರ ಬೆಲೆಯೂ ಇದರಲ್ಲೇ ಇದೆ. ವಿಮಾನಗಳ ಈ ಕಾಲದಲ್ಲೂ ಅವಶೇಷದಡಿ ಸಿಕ್ಕವರಿಗೆ ಮೊದಲು ಕೈಕೊಡುವವರು ನೆರೆಹೊರೆಯವರೇ. ಹೊರಗಿನ ಕನಿಕರ ಆರುವ ಹೊತ್ತಿಗೆ ಊರು ಕಟ್ಟುವ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಆಗ ಬೇಕಾಗುವುದು ಪಿಕಾಸಿ, ಸನಿಕೆಗಳೇ.